ಸಿಪ್ರಿ ಪೊರ್ಬುಗಳು ಉಪ್ಪು ಹಾಕಿರಲಿಲ್ಲ

ಮೀನು ಬಂದರಿನ ದಕ್ಕೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬೋಟುಗಳಿಂದ ಮೀನು ಇಳಿಯುತ್ತಿದೆ, ಮಂಜುಗಡ್ಡೆ ಪುಡಿ ಮಾಡುವ ಯಂತ್ರ ಕಿವಿ ತೂತಾಗುವ ಹಾಗೆ ಅರಚುತ್ತಿದೆ, ಏಲಂ ಕೂಗುವವರ ಗಂಟಲು ಆಗಲೇ ಕಟ್ಟಿದೆ. ನನ್ನಂಥ ಸೋಮಾರಿಗಳಿಗೆ ಈ ಹೊತ್ತಿನಲ್ಲಿ ಕಣ್ಣು ಬಿಡುವುದೇ ಒಂದು ಸಾಹಸ. ಸುಂದರಿಯಕ್ಕ ಮಾತ್ರ ಬೆಂಗ್ರೆಯಿಂದ ಮೊದಲ ಫೆರಿಯಲ್ಲೇ ಹೊಳೆ ದಾಟಿ ಬಂದು, ಬಂಗುಡೆ, ಬೂತಾಯಿ ಕೊಂಡು ಬುಟ್ಟಿ ತುಂಬಿಸಿ, ಈಗ ಮೀನು ಕತ್ತರಿಸುವವರ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಎಲ್ಲರೂ ಮೀನು ಆರಿಸುವ ಜಾಗದಲ್ಲಿ ಇವರು ಮೀನಿನ ಹೊಟ್ಟೆಯಿಂದ ತೆಗೆದು ಬಿಸಾಡಿದ್ದನ್ನು ಆರಿಸುತ್ತಿದ್ದಾರೆ.

"ಅಕ್ಕ, ನಿಮ್ಮದು ಆ ಬಕೆಟಿನಲ್ಲಿ ಉಂಟು," ಎನ್ನುತ್ತಾನೆ ಕತ್ತಿ ಹಿಡಿದ ಇಮ್ತಿಯಾಝ್, ತಲೆ ಎತ್ತದೆ. "ದೊಡ್ಡದು ಕೇಳ್ಬೇಡಿ. ಅದು ಎಕ್ಸ್‌ಪೋರ್ಟಿಗೆ ಹೋಗ್ತದೆ. ನಿಮಗೆ ಕೊಟ್ಟರೆ ಸಾಹುಕಾರ ನನ್ನ ಹೊಟ್ಟೆ ಕೊಯ್ತಾನೆ."

"ಸಣ್ಣದೇ ಸಾಕು ಮಾರಾಯ. ದೊಡ್ಡದು ಹಿಡ್ಕೊಂಡು ನನಗೆ ಚೀನಾಕ್ಕೆ ಹೋಗ್ಲಿಕ್ಕುಂಟಾ?"

ಬಕೆಟಿನಲ್ಲಿರುವುದು ಕಲ್ಲೂರು ಮೀನಿನ ಗಾಳಿಚೀಲ. ಮೀನು ನೀರಿನಲ್ಲಿ ಮೇಲೇಳಲು, ಕೆಳಗಿಳಿಯಲು ಹೊಟ್ಟೆಯೊಳಗೆ ಇಟ್ಟುಕೊಂಡಿರುವ ಬಿಳಿಯ, ಜಾರುವ ಚೀಲ ಅದು. ಸುಂದರಿಯಕ್ಕ ಒಂದೊಂದನ್ನೇ ಬೆರಳಿನಲ್ಲಿ ಒತ್ತಿ ನೋಡಿ, ಸೀಳಿ, ನಲ್ಲಿಯ ಕೆಳಗೆ ಒಳಗಿನ ಪೊರೆ ಹೋಗುವ ತನಕ ಉಜ್ಜುತ್ತಾರೆ. ಮನೆಯಲ್ಲಿ ಮಾಡಿದ ಶುಂಠಿ ಬಿಯರಿನ ಕದಡನ್ನು ಇಳಿಸಿ ತಿಳಿ ಮಾಡುವುದು ಇದೇ ಚೀಲ. ಮೀನಿನ ಹೊಟ್ಟೆಗೂ ಬಿಯರಿಗೂ ಎಂತ ಸಂಬಂಧ ಮಾರಾಯ್ರೆ ಎಂದು ನೀವು ಕೇಳುತ್ತೀರಿ. ನಾನೂ ಹಾಗೇ ಕೇಳಿ ಅವರ ಮುಂದೆ ನಗೆಪಾಟಲಾದವನೇ.

ಬಲ್ಮಠದ ಹಳೆಯ ಕ್ರಿಶ್ಚಿಯನ್ ಮನೆಗಳಲ್ಲಿ ಕ್ರಿಸ್ಮಸ್ ಬಂತೆಂದರೆ ಭರಣಿಗಳಲ್ಲಿ ಶುಂಠಿ ಬಿಯರು ಹುಳಿಯೇಳುತ್ತಿದ್ದ ಕಾಲವೊಂದಿತ್ತು. ಜಜ್ಜಿದ ಶುಂಠಿ, ಸಕ್ಕರೆ, ಲಿಂಬೆ, ಹುಳಿ ಬರಿಸಲು ಸ್ವಲ್ಪ ಕಳ್ಳು. ಹೆಸರಿಗೆ ಬಿಯರಾದರೂ ಅದರಲ್ಲಿ ಅಮಲಿಗಿಂತ ಶುಂಠಿಯ ಖಾರವೇ ಹೆಚ್ಚು, ಅಬಕಾರಿ ಇಲಾಖೆಯವರು ಹುಬ್ಬು ಗಂಟಿಕ್ಕುವುದು ಬೇಡ. ಹುಳಿ ಬಂದ ಮೇಲೆ ಅದು ಅಕ್ಕಿ ತೊಳೆದ ನೀರಿನ ಹಾಗೆ ಬಿಳಿಚಿಕೊಂಡು ಕದಡಿರುತ್ತದೆ. ಹಬ್ಬಕ್ಕೆ ಬಂದವರ ಮುಂದೆ ಹಾಗೆ ಇಡಲಾಗುತ್ತದೆಯೇ? ಆಗ ನೆನಪಾಗುತ್ತಿದ್ದವರು ಮೀನು ಹೊತ್ತು ಬರುತ್ತಿದ್ದ ಗುಲಾಬಿ, ಅಂದರೆ ಸುಂದರಿಯಕ್ಕನ ಅಮ್ಮ.

"ಅಮ್ಮನಿಗೆ ಇದನ್ನು ಯಾರು ಕಲಿಸಿದ್ದೋ, ನಾನು ಕೇಳ್ಲೇ ಇಲ್ಲ. ಇದ್ದಾಗ ಕೇಳುದಿಲ್ಲ ಅಲ್ವಾ ನಾವು," ಎನ್ನುತ್ತಾರೆ ಸುಂದರಿಯಕ್ಕ. "ಅಮ್ಮ ಹೋದ ಮೇಲೆ ಮೀನಿನ ಬುಟ್ಟಿಯೂ ನನಗೆ ಬಂತು, ಇದೂ ಬಂತು. ಬುಟ್ಟಿ ಬೇಡ ಅಂತ ಎಷ್ಟೋ ಸಲ ಅನಿಸಿದೆ. ಇದು ಮಾತ್ರ ಬೇಡ ಅಂತ ಒಂದು ದಿನವೂ ಅನಿಸ್ಲಿಲ್ಲ."

ಬುಟ್ಟಿ ಬೇಡವೆನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಮೀನಿನ ವಾಸನೆಯೆಂದು ಬಸ್ಸಿನಲ್ಲಿ ಮುಖ ತಿರುಗಿಸುವವರು, ಲಿಫ್ಟಿನಲ್ಲಿ ಬರಬೇಡ ಎನ್ನುವ ವಾಚ್‌ಮನ್‌ಗಳು, ಮೊಬೈಲಿನಲ್ಲೇ ಮೀನು ತರಿಸಿಕೊಳ್ಳುವ ಹೊಸ ಗಿರಾಕಿಗಳು. ಮಂಡಿನೋವು ಬೇರೆ. ಗಂಡ ಲೀಲಾಧರ ಬೋಟಿಗೆ ಹೋದರೆ ವಾರಗಟ್ಟಲೆ ಕಡಲಿನಲ್ಲಿ, ಬಂದರೆ ಬಲೆಯ ಮುಂದೆ. ಮಗಳು ಮಾನ್ಯಾ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. "ಬುಟ್ಟಿ ಬಿಡು ಅಮ್ಮ" ಎಂದು ಅವಳು ಹೇಳದ ದಿನವಿಲ್ಲ.

ನಿನ್ನೆ ಸಂಜೆ ಬೆಂಗ್ರೆಯ ಅವರ ಮನೆಯಲ್ಲಿ ಕುಳಿತು ಈ ಕೆಲಸದ ಒಳಗುಟ್ಟನ್ನೆಲ್ಲ ನೋಡಿದೆ. ಅಂಗಳದಲ್ಲಿ ಒಣಮೀನು ಬಿಸಿಲಿಗೆ ಬಿದ್ದಿತ್ತು. ಗಾಳಿಚೀಲಗಳು ಮಾತ್ರ ಮಾಡಿನ ಅಂಚಿನ ನೆರಳಿನಲ್ಲಿ, ದಾರಕ್ಕೆ ಪೋಣಿಸಿ, ಕಡಲಗಾಳಿಗೆ ಅಲ್ಲಾಡುತ್ತಿದ್ದವು. ಅವಕ್ಕೆ ಬಿಸಿಲು ಆಗದು, ಉಪ್ಪಂತೂ ಆಗಲೇ ಆಗದು. ಒಣಗಿ ಕೊಂಬಿನಂತೆ ಗಟ್ಟಿಯಾದ ಮೇಲೆ ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ, ಕುದಿಸಿ ಪೂರ್ತಿ ಆರಿಸಿದ ನೀರಿಗೆ ಹಾಕಿ, ಹುಳಿಗೆ ಬಿಂಬುಳಿ ಕಾಯಿ ಹಿಂಡಿ, ಮಣ್ಣಿನ ಪಾತ್ರೆಯಲ್ಲಿಟ್ಟು, ಪಾತ್ರೆಯನ್ನು ಒದ್ದೆ ಮರಳಿನಲ್ಲಿ ಕೂರಿಸುತ್ತಾರೆ. ನಿಧಾನಕ್ಕೆ ಅದು ಉಬ್ಬಿ ಎಳನೀರಿನ ಬೊಂಡದ ಗಂಜಿಯ ಹಾಗೆ ಆಗುತ್ತದೆ. ನೀರು ಬೆಚ್ಚಗಿದ್ದರೆ ಬರೀ ಅಂಟು, ಬಿಯರಿನ ಕದಡು ಅದರ ಮಾತು ಕೇಳುವುದಿಲ್ಲ.

"ಅದನ್ನು ಭರಣಿಗೆ ಹಾಕಿ, ಒಮ್ಮೆ ತಿರುಗಿಸಿ, ಮುಚ್ಚಿ ಬಿಟ್ಟುಬಿಡ್ಬೇಕು. ಆಯ್ತಾ ಅಂತ ಮುಚ್ಚಳ ತೆಗೆದು ನೋಡ್ಲಿಕ್ಕಿಲ್ಲ. ಕದಡೆಲ್ಲ ಅದರ ಹಿಂದೆಯೇ ಕೆಳಗೆ ಹೋಗಿ ಕೂತುಕೊಳ್ತದೆ," ಎಂದು ಅವರು ವಿವರಿಸುತ್ತಿದ್ದಾಗ ಮಾನ್ಯಾ ಚಹಾ ತಂದಿಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ನಾಚಿಕೆ ಸ್ವಭಾವದ ಹುಡುಗಿ ಎಂದುಕೊಂಡೆ.

ಈ ವರ್ಷ ಸುಂದರಿಯಕ್ಕನನ್ನು ಯಾರೂ ಕರೆದಿಲ್ಲ. ಭರಣಿಗಳು ಗುಜರಿಗೆ ಹೋದವು, ಕೆಲವು ಫ್ಲ್ಯಾಟುಗಳ ಬಾಲ್ಕನಿಯಲ್ಲಿ ಹೂಕುಂಡಗಳಾದವು. ಕೊನೆಗೆ ಉಳಿದದ್ದು ಒಂದೇ ಮನೆ, ಬಂದರಿನ ಕೆಲಸದಿಂದ ನಿವೃತ್ತರಾದ ಸಿಪ್ರಿಯನ್ ಮತ್ತು ಅವರ ಹೆಂಡತಿ ಡ್ಯಾಫ್ನಿ ಅವರದು. ಅಲ್ಲಿ ಬಿಯರು ಮಾಡುತ್ತಿದ್ದವರು ಸಿಪ್ರಿಯನ್. ಸುಂದರಿಯಕ್ಕನ ಬಾಯಲ್ಲಿ ಅವರು ಸಿಪ್ರಿ ಪೊರ್ಬುಗಳು. ತುಳುವರು ಕ್ರಿಶ್ಚಿಯನ್ ಹಿರಿಯರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ, ಹೆಂಗಸರಾದರೆ ಬಾಯಿ.

ಪೊರ್ಬುಗಳಿಗೆ ಒಂದು ಪದ್ಧತಿಯಿತ್ತು. ಸುಂದರಿಯಕ್ಕ ತಿಳಿ ಮಾಡಿದ ಬಿಯರನ್ನು ಅವರು ಮೊದಲು ಕುಡಿಯುತ್ತಿರಲಿಲ್ಲ. ಉದ್ದನೆಯ ಗಾಜಿನ ಲೋಟಕ್ಕೆ ಸುರಿದು, ಜಗಲಿಯ ಮೇಜಿನ ಮೇಲಿಟ್ಟು, ಅದರ ಹಿಂದೆ ಆ ದಿನದ ಪೇಪರು ಹಿಡಿಯುತ್ತಿದ್ದರು. "ಓದು ಸುಂದರೀ" ಎನ್ನುತ್ತಿದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಸುಂದರಿಯಕ್ಕ ಮೀನಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಗ್ಗಿ, ಬಿಯರಿನ ಆಚೆಗಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ತಲೆಬರಹ ಓದಬೇಕು. ಓದಿ ಮುಗಿಸಿದರೆ ಬಿಯರು ಪಾಸು. ಮೊದಲ ಲೋಟ ಓದಿದವರಿಗೇ.

"ನನಗೆ ಅಕ್ಷರ ಮರ್ತೇ ಹೋಗಿತ್ತು. ವರ್ಷಕ್ಕೊಮ್ಮೆ ಅವರ ಮುಂದೆ ಓದ್ಲಿಕ್ಕುಂಟಲ್ಲ ಅಂತ ಮೀನು ಕಟ್ಟುವ ಪೇಪರನ್ನು ಓದಿ ಓದಿ ಅಭ್ಯಾಸ ಮಾಡ್ತಿದ್ದೆ," ಎಂದು ನಗುತ್ತಾರೆ. "ಒಮ್ಮೆ ರಾಜಕೀಯದವರ ಹೆಸರು ಓದ್ಲಿಕ್ಕೆ ಬರ್ಲಿಲ್ಲ. ಪೊರ್ಬುಗಳು ಹೇಳಿದ್ರು, ಅದು ಬಿಯರಿನ ತಪ್ಪಲ್ಲ, ಆ ಮನುಷ್ಯನೇ ಕದಡಿದವ ಅಂತ."

ಈ ಅಂಕಣಕ್ಕೆ ಸುಂದರಿಯಕ್ಕನ ಹೆಸರು ಹೇಳಿದವರು ಡ್ಯಾಫ್ನಿ ಬಾಯಿಯೇ. ಪತ್ರಿಕೆಯ ಕಚೇರಿಗೆ ಫೋನು ಮಾಡಿ, ಸಿನೆಮಾದವರನ್ನೂ ಕ್ರಿಕೆಟಿನವರನ್ನೂ ಬಿಟ್ಟು ಒಮ್ಮೆ ನಮ್ಮ ಮೀನಿನ ಸುಂದರಿಯ ಬಗ್ಗೆ ಬರೆಯಿರಿ, ಇದು ತೀರಿಹೋದ ನನ್ನ ಗಂಡನ ಆಸೆಯಾಗಿತ್ತು ಎಂದರು. ಈ ಸಂಗತಿಯನ್ನು ಸುಂದರಿಯಕ್ಕನಿಗೆ ತಿಳಿಸಿದರೆ ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಇವತ್ತು ದಕ್ಕೆಯ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಹೇಳಿಯೇಬಿಟ್ಟೆ.

ಅವರ ಕೈಯಲ್ಲಿದ್ದ ಗ್ಲಾಸು ಮೇಜಿಗೆ ಇಳಿಯಿತು.

"ಬಾಯಿ ಹೇಳಿದ್ದಾ?" ಎಂದರು. ಆಮೇಲೆ, "ಹಾಗಾದ್ರೆ ನೀವು ಬರೆಯುದೇ ಆದ್ರೆ ಮೊದಲು ಒಂದು ವಿಷಯ ಬರೀರಿ. ಅದನ್ನು ಬಿಟ್ಟು ನನ್ನನ್ನು ಹೊಗಳಿದ್ರೆ ನಾನು ಆ ಮನೆಯ ಮೆಟ್ಟಿಲು ಹತ್ತುದು ಹೇಗೆ?"

ಕಳೆದ ವರ್ಷ ಕ್ರಿಸ್ಮಸಿಗೆಂದು ಸಿಪ್ರಿ ಪೊರ್ಬುಗಳು ಬಿಯರು ಹಾಕಿಟ್ಟರು. ಕೈ ನಡುಗುತ್ತಿತ್ತು, ಆದರೂ ಶುಂಠಿ ಜಜ್ಜಲು ಯಾರನ್ನೂ ಬಿಡಲಿಲ್ಲ. ಅದು ತಿಳಿಯಾಗುವ ಮೊದಲೇ, ಹಬ್ಬದ ಹೊಸ್ತಿಲಿನಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ಮನೆಯಲ್ಲಿ ಅವರ ಕೈಯ ಕೊನೆಯ ಭರಣಿ ಉಳಿಯಿತು. ಡ್ಯಾಫ್ನಿ ಬಾಯಿ ಸುಂದರಿಯಕ್ಕನನ್ನು ಕರೆಸಿ, ತೀರಿಕೊಂಡು ತಿಂಗಳಾದಾಗ ನಡೆಯುವ ತಿಂಗಳ ಪೂಜೆಗೆ ಬಂದವರಿಗೆಲ್ಲ ಸಿಪ್ರಿ ಮಾಡಿದ್ದನ್ನು ಒಂದೊಂದು ಲೋಟ ಕೊಡುತ್ತೇನೆ, ಚೆಂದ ಮಾಡಿ ತಿಳಿ ಮಾಡಿಕೊಡು ಎಂದರು.

ಆಗ ಸುಂದರಿಯಕ್ಕ ಜ್ವರದಿಂದ ಆಗಷ್ಟೇ ಎದ್ದಿದ್ದರು. ಅವರು ಚಾಪೆ ಹಿಡಿದಿದ್ದ ದಿನಗಳಲ್ಲಿ ಮನೆಯಲ್ಲಿ ತೊಳೆದಿಟ್ಟ ಗಾಳಿಚೀಲಗಳಿದ್ದವು. ಅಮ್ಮನ ಕೆಲಸ ಹಾಳಾಗಬಾರದೆಂದು ಮಾನ್ಯಾ ಅವನ್ನು ಒಣಗಿಸಿ ಡಬ್ಬಿಯಲ್ಲಿ ತುಂಬಿಟ್ಟಳು. ಒಣಗಿಸುವ ಮೊದಲು, ಮೀನುಗಾರರ ಮನೆಯಲ್ಲಿ ಹುಟ್ಟಿದ ಯಾರೇ ಆದರೂ ಯೋಚಿಸದೆ ಮಾಡುವುದನ್ನೇ ಅವಳೂ ಮಾಡಿದಳು. ಉಪ್ಪು ಸವರಿ ಬಿಸಿಲಿಗೆ ಹಾಕಿದಳು.

"ಅವಳನ್ನು ಬೈಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಒಣಗಿಸುದು ಅಂದ್ರೆ ಉಪ್ಪು ಹಾಕುದು ಅಂತಲೇ. ಅದರ ವಿಷಯ ನಾನು ಅವಳಿಗೆ ಹೇಳಿಯೇ ಕೊಟ್ಟಿರ್ಲಿಲ್ಲ," ಎನ್ನುತ್ತಾರೆ. "ನೀರಿಗೆ ಹಾಕುವ ಮೊದಲು ಒಂದು ಚೂರು ನಾಲಗೆಗೆ ಇಟ್ಟು ನೋಡ್ಬೇಕು ಅಂತ ಅಮ್ಮ ಹೇಳಿದ್ದರು. ನೋಡಿದೆ. ಜ್ವರದ ನಾಲಗೆ, ಎಂತದೂ ಗೊತ್ತಾಗ್ಲಿಲ್ಲ. ಮಗಳ ಹತ್ರ, ನೀನು ನೋಡು ಅಂತ ಹೇಳ್ಬಹುದಿತ್ತು. ಹೇಳ್ಲಿಲ್ಲ. ಉಬ್ಬಿದ್ದೂ ಸರಿ ಇರ್ಲಿಲ್ಲ. ಚಳಿಗೆ ಇರ್ಬೇಕು ಅಂತ ಇನ್ನೂ ಎರಡು ಹಿಡಿ ಜಾಸ್ತಿ ಹಾಕಿದೆ. ಉಪ್ಪು ಹಾಕಿದ್ದು ಅವಳು ಅಂತ ನಾನು ಹೇಗೆ ಹೇಳುದು? ಭರಣಿಗೆ ಹಾಕಿದ್ದು ಈ ಕೈ."

ತಿಂಗಳ ಪೂಜೆಯ ದಿನ ಭರಣಿ ತೆರೆದಾಗ ಬಿಯರು ಮೊದಲಿಗಿಂತ ಹೆಚ್ಚು ಕದಡಿತ್ತು. ಇರಲಿ, ಸಿಪ್ರಿಯ ಕೈಯದಲ್ಲವಾ ಎಂದು ಬಾಯಿ ಎಲ್ಲರಿಗೂ ಸುರಿದರು. ಬಂದವರು ಒಂದೊಂದು ಗುಟುಕು ಕುಡಿದು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಲೋಟ ಕೆಳಗಿಟ್ಟರು. ಬಾಯಿಯೂ ಕುಡಿದು ನೋಡಿದರು, ಉಪ್ಪು. ಸುಂದರಿಯಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಆಗ ಬಾಯಿ ಹೇಳಿದ ಮಾತನ್ನು ಅವರು ಇವತ್ತಿಗೂ ಮರೆತಿಲ್ಲ.

"ಪಾಪ ನನ್ನ ಸಿಪ್ರಿ, ಕೊನೆಗೆ ಅವರಿಗೆ ಸಕ್ಕರೆ ಯಾವುದು ಉಪ್ಪು ಯಾವುದು ಅಂತಲೂ ಗೊತ್ತಾಗ್ಲಿಲ್ಲ ಅಂತ ಹೇಳಿ ಅಲ್ಲೇ ಕೂತು ಅತ್ತರು ಮಾರಾಯ್ರೆ. ಬಂದವರೆಲ್ಲ ಹೌದು ಹೌದು, ವಯಸ್ಸಾಗಿತ್ತು, ಮಂಡೆ ಮಂಜಾಗಿರ್ಬೇಕು ಅಂದ್ರು. ನನಗೆ ಆಗ ಉಪ್ಪಿನ ವಿಷಯ ಗೊತ್ತಿರ್ಲಿಲ್ಲ, ದೇವರಾಣೆ. ಮನೆಗೆ ಬಂದು ಡಬ್ಬಿ ತೆಗೆದು ನೆಕ್ಕಿ ನೋಡಿದೆ. ಅಷ್ಟೊತ್ತಿಗೆ ನನ್ನ ನಾಲಗೆಗೆ ರುಚಿ ಬಂದಿತ್ತು."

ಮರುದಿನ ಬೆಳಿಗ್ಗೆಯೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಆಮೇಲೆ ಒಂದು ದಿನ ಬಾಯಿಗೆ ಹುಷಾರಿರಲಿಲ್ಲ, ಇನ್ನೊಂದು ದಿನ ಮನೆಯಲ್ಲಿ ಜನವಿದ್ದರು. ಮಳೆ ಬಂತು, ಮೀನುಗಾರಿಕೆ ನಿಂತಿತು, ಮತ್ತೆ ಶುರುವಾಯಿತು. ಮೊದಲ ದಿನ ಹೇಳಲಾಗದ ಮಾತು ದಿನ ಹೋದ ಹಾಗೆ ನಾಲಗೆಗೆ ಬರುವುದೇ ಇಲ್ಲ. ಸುಂದರಿಯಕ್ಕ ಆ ಮನೆಗೆ ಒಳ್ಳೆಯ ಬಂಗುಡೆಯನ್ನೇ ಆರಿಸಿ ಒಯ್ದರು, ಒಂದೆರಡು ಜಾಸ್ತಿಯೇ ಹಾಕಿದರು. ಬಾಯಿ ಮಾತ್ರ ಸಿಕ್ಕಿದವರಿಗೆಲ್ಲ ಆ ಉಪ್ಪಿನ ಕಥೆ ಹೇಳುತ್ತಲೇ ಇದ್ದರು. ಮನೆಯ ಮುದ್ದಿನ ಮನುಷ್ಯನ ಬುದ್ಧಿ ಕೊನೆಗಾಲದಲ್ಲಿ ಕೆಟ್ಟಿತ್ತೆಂದು ಹೆಂಡತಿಯೇ ಊರಿಗೆಲ್ಲ ಹೇಳಿಕೊಂಡು ತಿರುಗುವುದನ್ನು, ನಿಜ ಗೊತ್ತಿದ್ದ ಒಬ್ಬರೇ ಒಬ್ಬರು ಬುಟ್ಟಿ ಹಿಡಿದುಕೊಂಡು ಕೇಳುತ್ತ ನಿಂತಿದ್ದರು.

"ಅವರ ಮಂಡೆ ಗಾಜಿನ ಹಾಗೆ ಇತ್ತು," ಎನ್ನುತ್ತಾರೆ ಸುಂದರಿಯಕ್ಕ, ಕಣ್ಣೊರೆಸಿಕೊಂಡು. "ಸತ್ತವರ ಮೇಲೆ ನಾನು ಇಂಥದ್ದು ಹೊರಿಸಿದೆನಲ್ಲ. ನನ್ನ ಮೇಲೆ ಎಷ್ಟು ಪ್ರೀತಿ ಅವರಿಗೆ."

ಆದರೆ ಇದು ಡ್ಯಾಫ್ನಿ ಬಾಯಿ ಭಾನುವಾರದ ಪುರವಣಿಯಲ್ಲಿ ಓದಿ ತಿಳಿದುಕೊಳ್ಳುವ ವಿಷಯವೇ? ಹಾಗೆಂದು ಅವರಿಗೆ ಹೇಳಿದೆ. ನೀವೇ ಹೋಗಿ ಹೇಳದೆ ನಾನು ಒಂದು ಸಾಲೂ ಬರೆಯುವುದಿಲ್ಲ ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿರಬೇಕು, ಪಕ್ಕದ ಮೇಜಿನವರು ತಿರುಗಿ ನೋಡಿದರು. ಸುಂದರಿಯಕ್ಕ ಎದ್ದು ಬುಟ್ಟಿ ಎತ್ತಿಕೊಂಡರು.

"ನೀವೂ ಬನ್ನಿ. ಒಬ್ಬಳೇ ಹೋದ್ರೆ ಮತ್ತೆ ಬಂಗುಡೆ ಕೊಟ್ಟು ವಾಪಸ್ ಬರ್ತೇನೆ."

ರಿಕ್ಷಾದಲ್ಲಿ ಬಲ್ಮಠಕ್ಕೆ ಹೋದೆವು. ಡ್ಯಾಫ್ನಿ ಬಾಯಿಯ ಗೇಟಿಗೆ ಆಗಲೇ ಕ್ರಿಸ್ಮಸಿನ ನಕ್ಷತ್ರ ತೂಗಿದೆ. ಬಾಯಿ ಪಾತ್ರೆ ಹಿಡಿದುಕೊಂಡೇ ಬಾಗಿಲು ತೆರೆದರು. ನನ್ನನ್ನು ಕಂಡು ಅವರ ಮುಖ ಅರಳಿತು.

"ಓ, ಪೇಪರಿನವರು! ಬಂದ್ರಾ? ಸಿಪ್ರಿಗೆ ಎಷ್ಟು ಖುಷಿಯಾಗ್ತಿತ್ತು. ಸುಂದರೀ, ಎಂತ ಉಂಟು ಇವತ್ತು?"

"ಬಾಯೀ," ಎಂದರು ಸುಂದರಿಯಕ್ಕ. ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟರು. ಆ ಇಬ್ಬರ ನಡುವಿನ ಮಾತು ಯಾವಾಗಲೂ ತುಳುವಿನಲ್ಲೇ. ಅವರು ಹೇಳಿದ್ದೆಲ್ಲವನ್ನೂ ಇಲ್ಲಿ ಮತ್ತೆ ಬರೆಯುವುದಿಲ್ಲ. ಜ್ವರ, ಡಬ್ಬಿ, ಉಪ್ಪು, ರುಚಿ ತಿಳಿಯದ ನಾಲಗೆ, ಆಮೇಲೆ ಇಡೀ ವರ್ಷದ ಮೌನ. ಮಗಳ ಹೆಸರು ಬರುವಾಗ ಮಾತ್ರ ತಡೆದು, ಕಲಿಸದೆ ಇದ್ದದ್ದು ನಾನು ಎಂದು ಸೇರಿಸಿದರು.

ಡ್ಯಾಫ್ನಿ ಬಾಯಿ ಬಾಗಿಲ ದಾರಂದಕ್ಕೆ ಒರಗಿಕೊಂಡರು.

"ಅಂಚನಾ?" ಎಂದರು. ಹೌದಾ, ಹಾಗಾ, ಎಂದು. ಆಮೇಲೆ, "ಹಾಗಾದ್ರೆ ಸಿಪ್ರಿ ಸಕ್ಕರೆಯೇ ಹಾಕಿದ್ದಾ?"

"ಸಕ್ಕರೆಯೇ ಬಾಯೀ. ಕೈ ಮಾತ್ರ ನಡುಗ್ತಿತ್ತು. ಮಂಡೆ ಸರಿ ಇತ್ತು."

"ಒಂದು ವರ್ಷ ಸುಂದರೀ." ಬಾಯಿಯ ದನಿ ಏರಿತು. "ದಿನಾ ಜಪಮಾಲೆ ಹಿಡ್ಕೊಂಡು ನಾನು ಎಂತ ಕೇಳಿಕೊಂಡೆ ಗೊತ್ತುಂಟಾ ನಿನಗೆ? ಪಕ್ಕದಲ್ಲೇ ಇದ್ದು ಆ ಮನುಷ್ಯನ ಬುದ್ಧಿ ಹೋಗಿದ್ದು ನನಗೆ ಕಾಣ್ಲಿಲ್ಲವಲ್ಲ, ಡಾಕ್ಟರ ಹತ್ರ ಕರ್ಕೊಂಡು ಹೋಗ್ಲಿಲ್ಲವಲ್ಲ, ಕ್ಷಮಿಸು ಅಂತ. ನೀನು ಇಲ್ಲೇ ನಿಂತು ಮೀನು ಕೊಡ್ತಿದ್ದಿ!"

ಸುಂದರಿಯಕ್ಕ ತಲೆ ತಗ್ಗಿಸಿ ನಿಂತರು.

ಬಾಯಿ ಒಳಗೆ ಹೋದರು. ಹಿಂತಿರುಗಿದಾಗ ಕೈಯಲ್ಲೊಂದು ಬಾಟಲಿಯಿತ್ತು. ಭರಣಿಯಲ್ಲಿದ್ದದ್ದನ್ನೆಲ್ಲ ಅಂದೇ ಹಿತ್ತಿಲಿನ ತೆಂಗಿನಬುಡಕ್ಕೆ ಚೆಲ್ಲಿಸಿದವರು, ಗಂಡನ ಕೈಯದೆಂದು ಒಂದು ಬಾಟಲಿಯನ್ನು ಮಾತ್ರ ತುಂಬಿ ಕಪಾಟಿನಲ್ಲಿ ಇಟ್ಟುಕೊಂಡಿದ್ದರಂತೆ. ಅಷ್ಟೂ ಕಾಲ ಯಾರೂ ಅಲ್ಲಾಡಿಸದೆ ನಿಂತಿದ್ದ ಬಾಟಲಿಯ ತಳದಲ್ಲಿ ಬೆರಳಿನಷ್ಟು ಗಸಿ. ಅದರ ಮೇಲಿನ ಬಿಯರು ಎಳೆಜೇನಿನ ಬಣ್ಣಕ್ಕೆ ತಿರುಗಿ, ಅದರೊಳಗಿಂದ ಬಾಯಿಯ ಬೆರಳುಗಳು ಕಾಣುತ್ತಿದ್ದವು. ಸುಂದರಿಯಕ್ಕ ಅದನ್ನು ನೋಡಿದರು, ಕೈ ಮುಂದೆ ಮಾಡಲಿಲ್ಲ. ಬಾಯಿಯೂ ಕೊಡಲಿಲ್ಲ.

"ಇವತ್ತು ಮೀನು ಬೇಡ. ನೀನು ಹೋಗು," ಎಂದರು. ಮತ್ತೆ ನನ್ನ ಕಡೆ ತಿರುಗಿ, "ನೀವು ಬರೆಯಿರಿ. ಇದನ್ನೂ ಬರೆಯಿರಿ. ಅವರ ಮಂಡೆ ಸರಿ ಇರ್ಲಿಲ್ಲ ಅಂತ ಕಂಡವರಿಗೆಲ್ಲ ಹೇಳಿದವಳು ನಾನು. ಅವರಿಗೆಲ್ಲ ನಾನು ಈಗ ಮನೆಮನೆಗೆ ಹೋಗಿ ಹೇಳ್ಲಿಕ್ಕೆ ಆಗ್ತದಾ?"

ಬಾಗಿಲು ಮುಚ್ಚಿತು.

ಮಿಕ್ಕ ಮನೆಗಳಿಗೆ ಮೀನು ಕೊಟ್ಟು ಫೆರಿಯ ಕಡೆಗೆ ಬರುವಾಗ ಬಿಸಿಲು ಏರಿತ್ತು. ಬುಟ್ಟಿಯ ತಳದಲ್ಲಿ ಡ್ಯಾಫ್ನಿ ಬಾಯಿಗೆಂದು ಆರಿಸಿಟ್ಟಿದ್ದ ಬಂಗುಡೆಗಳು ಹಾಗೇ ಇದ್ದವು, ಅವನ್ನು ಬೇರೆ ಯಾರಿಗೂ ಮಾರಿರಲಿಲ್ಲ. ಪಕ್ಕದಲ್ಲಿ ಬೆಳಿಗ್ಗೆ ತೊಳೆದ ಗಾಳಿಚೀಲಗಳು. ಯಾರೂ ಕರೆಯದಿದ್ದರೂ ಇವನ್ನು ಯಾಕೆ ಒಣಗಿಸುತ್ತೀರಿ ಎಂದು ಕೇಳಿದೆ.

"ಈ ಸಲ ಮಗಳ ಕೈಯಲ್ಲೇ ಒಣಗಿಸ್ತೇನೆ. ಪಕ್ಕದಲ್ಲಿ ಕೂತು ಹೇಳಿಕೊಡ್ತೇನೆ. ಆ ದಿನದಿಂದ ಅವಳು ಇದನ್ನು ಮುಟ್ಟುದೇ ಇಲ್ಲ. ಯಾರಾದ್ರೂ ಕೇಳ್ಲಿ, ಕೇಳದಿರ್ಲಿ, ಹೆದರಿಕೊಂಡೇ ಇರ್ಲಿಕ್ಕೆ ಬಿಡ್ಬಾರ್ದಲ್ಲ," ಎಂದರು. ನಿನ್ನೆ ಚಹಾ ಇಟ್ಟು ಒಳಗೆ ಹೋದ ಮಾನ್ಯಾಳದ್ದು ನಾಚಿಕೆಯಲ್ಲ ಎಂದು ನನಗೆ ಆಗ ಅರ್ಥವಾಯಿತು.

ಬಾಯಿ ಮತ್ತೆ ಕರೆಯುತ್ತಾರೆಯೇ? ನನಗೆ ಗೊತ್ತಿಲ್ಲ. ಸುಂದರಿಯಕ್ಕನಿಗೂ ಗೊತ್ತಿಲ್ಲ. ನಾಳೆಯೂ ಆ ಗೇಟಿನ ಮುಂದೆ ನಿಂತು ಮೀನು ಬೇಕಾ ಎಂದು ಕೇಳುತ್ತೇನೆ, ಬೇಡವೆಂದರೆ ನಾಡಿದ್ದೂ ಕೇಳುತ್ತೇನೆ ಎಂದಷ್ಟೇ ಹೇಳುತ್ತಾರೆ. ಫೆರಿ ದಡಕ್ಕೆ ತಾಗಿ, ಜನ ಹತ್ತತೊಡಗಿದಾಗ ಅವರು ಒಂದು ಕಾಲು ದೋಣಿಯಲ್ಲಿಟ್ಟವರು ತಿರುಗಿ ನಿಂತರು.

"ಇದು ಭಾನುವಾರ ಬರ್ತದಲ್ವಾ ಪೇಪರಿನಲ್ಲಿ? ಮೇಲಿನ ಅಕ್ಷರ ಸ್ವಲ್ಪ ದೊಡ್ಡದು ಹಾಕಿ, ಆಯ್ತಾ. ಯಾವತ್ತಾದ್ರೂ ಬಾಯಿ ಆ ಬಾಟ್ಲಿ ಬಿಚ್ಚಿ ಲೋಟಕ್ಕೆ ಸುರಿದ್ರೆ, ಹಿಂದೆ ಇದೇ ಪೇಪರ್ ಹಿಡಿದು ಓದಿ ತೋರಿಸ್ಬೇಕು ನಾನು."

ತಲೆಬರಹದಲ್ಲಿ ನಿಮ್ಮ ಹೆಸರನ್ನೇ ದೊಡ್ಡದಾಗಿ ಹಾಕಿಸುತ್ತೇನೆ ಎಂದೆ.

"ನನ್ನ ಹೆಸರು ಬೇಡ," ಎಂದರು ಸುಂದರಿಯಕ್ಕ. "ಸಿಪ್ರಿ ಪೊರ್ಬುಗಳು ಉಪ್ಪು ಹಾಕಿರಲಿಲ್ಲ ಅಂತ ಹಾಕಿ. ಅಷ್ಟು ಓದ್ಲಿಕ್ಕೆ ನನಗೆ ಬರ್ತದೆ."